ಬೇಳೆ ಬೇಯುವ ನೀರು

ಗಂಡಿನ ಕಡೆಯವರು ನನ್ನನ್ನು ನೋಡಲು ಚನ್ನಪಟ್ಟಣದ ನಮ್ಮ ಮನೆಗೆ ಬಂದಿದ್ದ ದಿನ, ಉಪ್ಪಿಟ್ಟು ಕಾಫಿ ಮುಗಿದ ಮೇಲೆ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ ಹುಡುಗನ ಬಗ್ಗೆ ಅಲ್ಲ, ಜಮೀನಿನ ಬಗ್ಗೆಯೂ ಅಲ್ಲ. "ನಿಮ್ಮೂರ ನೀರಲ್ಲಿ ಬೇಳೆ ಬೇಯ್ತದಾ?" ಎಂದು ಕೇಳಿದಳು. ನಮ್ಮ ಕಡೆ ಹೆಣ್ಣು ಕೊಡುವವರು ಹೀಗೆ ಕೇಳುವುದು ಹೊಸದೇನಲ್ಲ. ಬೇಳೆ ಬೇಯದ ಊರಿಗೆ ಮಗಳನ್ನು ಕೊಟ್ಟರೆ ಅವಳ ಅರ್ಧ ಆಯಸ್ಸು ಒಲೆಯ ಮುಂದೆಯೇ ಮುಗಿಯುತ್ತದೆ. ಎಷ್ಟು ಕುದಿಸಿದರೂ ಬೇಳೆ ಕಾಳುಕಾಳಾಗಿ ತಳದಲ್ಲಿ ಕೂತಿರುತ್ತದೆ, ಮೇಲೆ ಬರೀ ಹಳದಿ ನೀರು. ನಮ್ಮಮ್ಮ ಅಂಥ ನೀರಿನಲ್ಲೇ ಸಂಸಾರ ಮಾಡಿ ರೋಸಿಹೋದವಳು.

ಮುಂದೆ ನನ್ನ ಅತ್ತೆಯಾದ ಹೆಂಗಸು ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂತರು. "ಬೇಳೆ ಯಾಕವ್ವ, ಕಲ್ಲು ಹಾಕಿದ್ರೂ ಬೇಯ್ತದೆ. ನಮ್ಮ ಯಜಮಾನ್ರು ಹೊಡ್ಸಿರೋ ಬೋರು ಅದು" ಎಂದರು. ಮದುವೆ ಅಲ್ಲಿಗೇ ಮುಕ್ಕಾಲು ಕುದುರಿತು. ಹುಡುಗನ ಮುಖವನ್ನು ನಾನು ಆಮೇಲೆ ನೋಡಿದೆ.

ಅತ್ತೆ ಸುಳ್ಳು ಹೇಳಿರಲಿಲ್ಲ. ಮಾಗಡಿ ತಾಲ್ಲೂಕಿನಲ್ಲಿ, ತಿಪ್ಪಸಂದ್ರದಿಂದ ಸ್ವಲ್ಪ ಒಳಗಿರುವ ಆ ಊರಿಗೆ ಬಂದು ಮೊದಲ ಸಲ ಸಾರಿಗಿಟ್ಟಾಗ ಬೇಳೆ ನೋಡನೋಡುತ್ತಲೇ ಬೆಣ್ಣೆಯಾಯಿತು. ನೀರು ಕುಡಿದರೆ ನಾಲಿಗೆಗೆ ಸಿಹಿ. ಸೋಪು ಮುಟ್ಟಿಸಿದರೆ ನೊರೆಯೋ ನೊರೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಬದುಕಿದ್ದಾಗ ಹೊಲದಲ್ಲಿ ಬೋರ್ ಹೊಡೆಸಿ, ನೀರು ಚಿಮ್ಮಿದ ಕೂಡಲೇ, ನನ್ನ ಬೆಳೆ ಆಮೇಲೆ, ಊರಿನವರ ಬಾಯಿ ಮೊದಲು ಎಂದು ಪೈಪು ಎಳೆಸಿ, ನಮ್ಮ ಮನೆಯೆದುರಿನ ರಸ್ತೆ ಬದಿಯಲ್ಲಿ ಸಿಮೆಂಟಿನ ತೊಂಬೆ ಕಟ್ಟಿಸಿ ನಲ್ಲಿ ಹಾಕಿಸಿದ್ದರಂತೆ. ಅಕ್ಕಪಕ್ಕದ ಊರಿನವರೂ ಸ್ಕೂಟರಿಗೆ ಕ್ಯಾನು ಕಟ್ಟಿಕೊಂಡು ಬಂದು ಹಿಡಿದುಕೊಂಡು ಹೋಗುತ್ತಿದ್ದರು. ಜಗಲಿಯ ಮೇಲೆ ಕೂತ ಅತ್ತೆ ಒಬ್ಬೊಬ್ಬರನ್ನೂ ಮಾತಾಡಿಸಿ, ಯಾವೂರು, ಯಾರ ಪೈಕಿ ಎಂದು ವಿಚಾರಿಸಿಯೇ ಕಳಿಸುವರು. ಗಂಡ ಸತ್ತ ಮೇಲೂ ಅವರ ಹೆಸರು ದಿನಾ ನಾಲ್ಕು ಜನರ ಬಾಯಲ್ಲಿ ಬರುವುದು ಆ ನೀರಿನಿಂದ ಎಂದು ಅವರು ನಂಬಿದ್ದರು. ಅದು ನಿಜವೂ ಆಗಿತ್ತು.

ಊರಿನಲ್ಲಿ ಇನ್ನೊಂದು ನೀರಿತ್ತು. ಶಾಲೆಯ ಪಕ್ಕದ ಹಳೆಯ ಹ್ಯಾಂಡ್‌ಪಂಪಿನದು. ಅದನ್ನು ಎಲ್ಲರೂ ಸೌಳು ನೀರು ಎನ್ನುತ್ತಿದ್ದರು. ಬಾಯಿಗಿಟ್ಟರೆ ಒಗರು, ಸೋಪು ಹಚ್ಚಿದರೆ ಮೊಸರು ಒಡೆದಂತೆ, ಬೇಳೆಯ ಮಾತು ಬಿಡಿ. ಎಮ್ಮೆ ಮೈ ತೊಳೆಯಲು ಬಿಟ್ಟರೆ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ನನ್ನ ದೊಡ್ಡ ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಸುಣ್ಣದ ಗೀರಿನಂಥ ಬಿಳಿ ಪಟ್ಟಿಗಳಿದ್ದವು. ವರ್ಷ ಕಳೆಯುವಷ್ಟರಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿದವು. ನಾನು ಬೆಲ್ಲ ತಿನ್ನುವುದು ಜಾಸ್ತಿಯಾಯಿತು ಎಂದೆ. ನನ್ನ ಗಂಡ ನೆಟ್ಟಗೆ ಉಜ್ಜುವುದಿಲ್ಲ ಎಂದರು. ಅತ್ತೆ ಉಪ್ಪು ಇದ್ದಿಲು ಹಚ್ಚಿ ತಾವೇ ತಿಕ್ಕಿದರು. ಪಟ್ಟಿ ಹೋಗಲಿಲ್ಲ. ಆದರೆ ಯಾರಿಗೂ ಅದೊಂದು ರೋಗ ಅನ್ನಿಸಲಿಲ್ಲ, ಯಾಕೆಂದರೆ ಊರಿನ ಮಕ್ಕಳೆಲ್ಲ ಹಾಗೇ ಇದ್ದವು. ನನ್ನ ಗಂಡನ ಹಲ್ಲೂ ಹಾಗೇ ಇತ್ತು. ಬೀಡಿ ಸೇದುತ್ತಿದ್ದರೇನೋ ಎಂದು ನಾನು ಮದುವೆಯಾದ ಹೊಸದರಲ್ಲಿ ಮನಸ್ಸಿನಲ್ಲೇ ಅನುಮಾನಪಟ್ಟಿದ್ದೆ. ಪಾಪ, ಅವರು ಬೀಡಿ ಮುಟ್ಟಿದವರೇ ಅಲ್ಲ.

ಗೊತ್ತಾದದ್ದು ಮಗಳನ್ನು ಮಾಗಡಿಯ ಹೈಸ್ಕೂಲಿಗೆ ಸೇರಿಸಿದ ಮೇಲೆ. ಅಲ್ಲಿ ಬೇರೆ ಬೇರೆ ಊರಿನ ಹುಡುಗಿಯರು. ಒಬ್ಬಳು, ನೀನು ಎಲೆ ಅಡಿಕೆ ಹಾಕ್ತೀಯಾ ಎಂದು ಕೇಳಿದಳಂತೆ. ಇನ್ನೊಬ್ಬಳು ಊಟಕ್ಕೆ ಜೊತೆ ಕೂರುವುದನ್ನು ಬಿಟ್ಟಳಂತೆ. ಇದನ್ನು ನನ್ನ ಮಗಳು ನನಗೆ ಹೇಳಲಿಲ್ಲ, ಅವಳ ಗೆಳತಿಯಿಂದ ತಿಳಿಯಿತು. ಮನೆಯಲ್ಲಿ ಹರಟೆ ಮಲ್ಲಿಯಾಗಿದ್ದವಳು ಹಾಡು ಬಿಟ್ಟಳು, ನಗು ಬಿಟ್ಟಳು. ಕ್ಲಾಸಿನವರೆಲ್ಲ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಇವಳೊಬ್ಬಳು ಯಾರ ಮೇಲೋ ಮುನಿಸಿಕೊಂಡಂತೆ ತುಟಿ ಬಿಗಿದು ನಿಂತಿದ್ದಾಳೆ. ಆ ಫೋಟೋ ನೋಡಿ ನನಗೆ ತಡೆಯಲಾರದ ಸಿಟ್ಟು ಬಂತು. ನನ್ನ ಬಾಯಿ ಜೋರು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ವಿಷಯ. ಆದರೆ ಆ ದಿನ ಯಾರನ್ನು ಬೈಯಬೇಕು ಎಂದು ನನಗೆ ಗೊತ್ತಾಗಲಿಲ್ಲ.

ನಾವು ರೇಷ್ಮೆ ಹುಳು ಸಾಕುವವರು. ಮುಂದಿನ ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವಾಗ ನಾನೂ ಮಗಳನ್ನು ಕರೆದುಕೊಂಡು ಹೊರಟೆ. ಚಿಕ್ಕವಳು ಆಗ ಕಂಕುಳಲ್ಲಿದ್ದಳು. ದೊಡ್ಡವಳು ಹುಟ್ಟಿ ಎಷ್ಟೋ ವರ್ಷದ ಮೇಲೆ, ಇನ್ನು ಮಕ್ಕಳಿಲ್ಲ ಅಂದುಕೊಂಡ ಮೇಲೆ ಹುಟ್ಟಿದವಳು. ಇನ್ನೂ ಮೊಲೆ ಬಿಡಿಸಿರಲಿಲ್ಲ. ನನ್ನ ಗಂಡ ಗೂಡಿನ ಹರಾಜು ನೋಡುತ್ತಿದ್ದಾಗ ನಾನು ಹಲ್ಲಿನ ಡಾಕ್ಟರ ಬಳಿಗೆ ಹೋದೆ. ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮಗಳ ಬಾಯಿಗೆ ದೀಪ ಹಿಡಿದು ನೋಡಿ, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದಳು. ನೀರಿನ ಬಗ್ಗೆ ಕೇಳಿದರೆ ನಮ್ಮ ಮನೆಯವರಿಗೆ ಎದೆ ಉಬ್ಬುವುದು ಅಭ್ಯಾಸ. ಬೇಳೆ ಬೇಯುವ ನೀರು, ಸಿಹಿ ನೀರು ಎಂದು ಹೊಗಳಿಕೊಂಡೆ.

ಆಕೆ ನಗಲಿಲ್ಲ. ನೆಲದ ಆಳದಿಂದ ಬರುವ ಕೆಲವು ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುತ್ತದೆ, ಅದಕ್ಕೆ ಬಣ್ಣವಿಲ್ಲ ವಾಸನೆಯಿಲ್ಲ, ಅಂಥ ನೀರು ಎಷ್ಟೋ ಸಲ ಮೆದುವಾಗಿ ರುಚಿಯಾಗಿಯೇ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ ಎಂದಳು. ಹಲ್ಲು ಕೆಡುವುದು ಬಾಯಿಗೆ ಬಂದ ಮೇಲಲ್ಲ, ಒಸಡಿನ ಒಳಗೆ ತಯಾರಾಗುವಾಗಲೇ. ಹಾಗಾಗಿ ಉಜ್ಜಿ ತೆಗೆಯಲು ಬರುವುದಿಲ್ಲ. ದೊಡ್ಡವಳಿಗೆ ಮುಂದೆ ಬೇಕಾದರೆ ಮೇಲಿನಿಂದ ಬಣ್ಣ ಮುಚ್ಚಬಹುದು, ಅಷ್ಟೇ. ಆಮೇಲೆ ನನ್ನ ತೊಡೆಯ ಮೇಲಿದ್ದ ಕೂಸಿನ ಕಡೆ ನೋಡಿ, "ಇವಳ ಹಲ್ಲು ಈಗ ಒಳಗೆ ಕಟ್ಟಿಕೊಳ್ತಾ ಇದೆ. ಇವಳಿಗೆ ಏನು ಮಾಡಬೇಕೋ ಇವತ್ತಿಂದಲೇ ಮಾಡಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ಚಿಕ್ಕವಳು ನನ್ನ ಬೆರಳು ಕಚ್ಚುತ್ತಿದ್ದಳು. ಒಬ್ಬಳದು ಹೋಯಿತು, ಇವಳದನ್ನು ಬಿಟ್ಟುಕೊಡುವುದಿಲ್ಲ ಎಂದು ಮಾಗಡಿ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಪಂಚಾಯಿತಿಯವರು ಕೆಲವು ತಿಂಗಳ ಹಿಂದೆ ಊರಿನ ನಾಲ್ಕೈದು ಹೆಂಗಸರನ್ನು ಕರೆಸಿ, ನೀರು ಪರೀಕ್ಷೆ ಮಾಡುವುದನ್ನು ಕಲಿಸಿ, ಔಷಧಿ ಬಾಟಲಿಗಳಿದ್ದ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಅವರಲ್ಲಿ ನಾನೂ ಒಬ್ಬಳು. ಆ ದಿನದ ಊಟ ಚೆನ್ನಾಗಿತ್ತು ಎಂಬುದು ಎಲ್ಲರಿಗೂ ನೆನಪಿತ್ತು. ಪೆಟ್ಟಿಗೆ ಹಾಲಿನ ಡೈರಿಯ ಅಟ್ಟದ ಮೇಲಿತ್ತು. ಇಳಿಸಿ ತಂದು ಜಗಲಿಯ ಮೇಲೆ ಹರಡಿಕೊಂಡೆ. ನೀರಿಗೆ ಔಷಧಿ ಹನಿ ಹಾಕಿದಾಗ ಗುಲಾಬಿಯಾಗಿಯೇ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಜಾಸ್ತಿ. ನಮ್ಮ ತೊಂಬೆಯ ನೀರು ಹಳದಿಯಾಯಿತು. ಮತ್ತೆ ತಂದು ಮತ್ತೆ ಹಾಕಿದೆ, ಮತ್ತೆ ಹಳದಿ. ಊರಿನಲ್ಲಿದ್ದ ಎಲ್ಲ ನೀರನ್ನೂ ತಂದೆ. ಕೊನೆಗೆ ಶಾಲೆ ಪಂಪಿನ ಸೌಳು ನೀರು ತಂದು ಹನಿ ಹಾಕಿದರೆ ಅದು ಗುಲಾಬಿಯಾಗಿ ನಿಂತಿತು. ನಮ್ಮಪ್ಪ ಚನ್ನಪಟ್ಟಣದಲ್ಲಿ ಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವವರು, ನಾನು ಬೆಳೆದದ್ದೇ ಆ ಬಣ್ಣಗಳ ನಡುವೆ. ಗುಲಾಬಿ ಯಾವುದು, ಹಳದಿ ಯಾವುದು ಎಂದು ನನಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಆದರೂ ಎರಡು ಬಾಟಲಿ ನೀರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿದೆ. ಅಲ್ಲಿಯವರು ಹೇಳಿದ್ದೂ ಅದನ್ನೇ.

ಅಂದರೆ ಊರಿಗೆ ಊರೇ ತಲೆಕೆಳಗಾಗಿ ಕುಡಿಯುತ್ತಿತ್ತು. ಒಳ್ಳೆಯದು ಎಂದು ಹೊತ್ತು ತಂದದ್ದು ಕೆಟ್ಟದ್ದು, ಎಮ್ಮೆಗೆ ಬಿಟ್ಟದ್ದು ಒಳ್ಳೆಯದು. ತೊಗರಿಬೇಳೆಯನ್ನು ನಂಬಿ ನಾವು ಮೋಸ ಹೋಗಿದ್ದೆವು.

ಅತ್ತೆ ಇದನ್ನೆಲ್ಲ ಕಂಬಕ್ಕೆ ಒರಗಿ ನೋಡುತ್ತಿದ್ದರು. ಆಗಲೇ ಅವರ ಮಂಡಿ ಮಡಿಚುತ್ತಿರಲಿಲ್ಲ, ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಅದಕ್ಕೂ ಈ ನೀರೇ ಕಾರಣವಿರಬಹುದು ಎಂದು ನಾನು ಹೇಳಿದ್ದು ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ವಯಸ್ಸಾದ ಮೇಲೆ ಮಂಡಿ ಹಿಡಿಯದೆ ಏನು ಹಿಡಿಯುತ್ತದೆ ಎಂದು ರೇಗಿದರು. ಬಣ್ಣದ ನೀರಿಟ್ಟುಕೊಂಡು ಕಣಿ ಹೇಳುವವಳು ನಮ್ಮ ಮನೆಗೆ ಸೊಸೆಯಾಗಿ ಬಂದಳಲ್ಲ ಎಂದರು. ಪಂಚಾಯಿತಿಯವರು ಬಂದು ತೊಂಬೆಯ ಮೇಲೆ ಕೆಂಪು ಬಣ್ಣದಲ್ಲಿ, ಇದು ಕುಡಿಯಲು ಯೋಗ್ಯವಲ್ಲ ಎಂದು ಬರೆದುಹೋದರು. ಅತ್ತೆ ಹಬ್ಬದ ನೆಪ ಮಾಡಿ ಅದರ ಮೇಲೆ ಸುಣ್ಣ ಬಳಿಸಿದರು. ಆ ವರ್ಷ ನಮ್ಮ ಮನೆಗಿಂತ ತೊಂಬೆಗೇ ಮೊದಲು ಸುಣ್ಣವಾಯಿತು.

ಪಂಚಾಯಿತಿಗೆ ನಾನು ಹೋದಷ್ಟು ಬಾರಿ ತವರಿಗೂ ಹೋಗಿಲ್ಲ. ಶುದ್ಧ ನೀರಿನ ಘಟಕ ಬಂತು, ಸ್ವಲ್ಪ ದಿನ ನಡೆಯಿತು, ಕೆಟ್ಟು ಬೀಗ ಬಿತ್ತು. ಆಮೇಲೆ ಮನೆಮನೆಗೆ ನಲ್ಲಿ ಬಂತು, ನಲ್ಲಿಗೆ ಅಂಥದೇ ಬೋರಿನ ನೀರು ಬಂತು. ಪರೀಕ್ಷೆ ಮಾಡಿದರೆ ಹಳದಿ. ಕೇಳಿದರೆ, ಆಗುತ್ತಮ್ಮ, ಬರುತ್ತಮ್ಮ, ಹೊಳೆ ನೀರು ಬರುತ್ತದೆ ಎನ್ನುವರು. ಅವರು ಹೇಳುವುದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಹೊಳೆ ನೀರು ಬರುವವರೆಗೆ ನನ್ನ ಮಗಳ ಹಲ್ಲು ಕಾಯುವುದಿಲ್ಲವಲ್ಲ.

ಹಾಗಾಗಿ ಸೌಳು ನೀರನ್ನೇ ಹೊರಲು ಶುರುಮಾಡಿದೆ. ಹಿಪ್ಪುನೇರಳೆ ತೋಟಕ್ಕೆ ಹೋಗುವ ಮೊದಲು ಶಾಲೆ ಪಂಪಿನಿಂದ ಬಿಂದಿಗೆ ತುಂಬಿ ತಂದು, ಕಾಯಿಸಿ, ಆರಿಸಿ ಇಡುವೆ. ಮನೆ ಮುಂದೆ ನಲ್ಲಿ ಇಟ್ಟುಕೊಂಡು ಇವಳು ಎಮ್ಮೆ ನೀರಿಗೆ ಹೋಗುತ್ತಾಳೆ ಎಂದು ಊರೆಲ್ಲ ಆಡಿಕೊಂಡಿತು. ಒಬ್ಬ ಗಂಡಸು ನನ್ನ ಗಂಡನನ್ನು ಅಂಗಡಿ ಮುಂದೆ ನಿಲ್ಲಿಸಿ, ಏನ್ಲಾ, ನಿನ್ ಹೆಂಡ್ತಿ ನಿಂಗೂ ಹುಲ್ಲು ಹಾಕ್ತಾಳಾ ಎಂದನಂತೆ. ಇವರು ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಅವ್ವನಿಗೂ ನೋವಾಗಬಾರದು, ನಿನಗೂ ಬೇಜಾರಾಗಬಾರದು ಎನ್ನುವ ಜಾತಿ ನನ್ನ ಗಂಡ. ಆದರೆ ಮರುದಿನದಿಂದ ಬೈಕಿಗೆ ಕ್ಯಾನು ಕಟ್ಟಿ ಪಂಪಿನ ನೀರು ತರುವುದನ್ನು ಅವರೇ ವಹಿಸಿಕೊಂಡರು, ಅದನ್ನೂ ಹೇಳಬೇಕು.

ಹೀಗೆ ಕೆಲವು ತಿಂಗಳು ನಡೆಯಿತು. ಚಿಕ್ಕವಳು ಮುಖ ಸಿಂಡರಿಸಿಕೊಂಡು ಆ ನೀರಿಗೇ ಒಗ್ಗಿದಳು. ನಾನು ಗೆದ್ದೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ತೋಟದಿಂದ ಬಂದು ಊಟಕ್ಕೆ ಕೂತಾಗ ಸಾರು ಎಷ್ಟು ಚೆನ್ನಾಗಿತ್ತೆಂದರೆ ಎರಡನೇ ಸಲ ಬಡಿಸಿಕೊಂಡೆ. ಬೇಳೆ ಕಣ್ಣಿಗೆ ಕಾಣದಂತೆ ಕರಗಿತ್ತು. ಮುದ್ದೆ ಮುರಿದು ಅದ್ದಿ ಬಾಯಿಗಿಡುವಾಗ ಥಟ್ಟನೆ ಹೊಳೆಯಿತು, ಸೌಳು ನೀರಿನಲ್ಲಿ ಬೇಳೆ ಹೀಗೆ ಕರಗಲು ಸಾಧ್ಯವೇ ಇಲ್ಲ. ನಾನು ತೋಟದಲ್ಲಿರುವ ಹೊತ್ತಿನಲ್ಲಿ ಅಡುಗೆ ಅತ್ತೆಯದು. ಚಿಕ್ಕವಳು ಎದುರಿಗೆ ಕೂತು ಅದೇ ಸಾರಿನಲ್ಲಿ ಮುದ್ದೆ ಕಲಸಿ ಗುಳುಂ ಮಾಡುತ್ತಿದ್ದಳು.

"ಅಡುಗೆಗೆ ಯಾವ ನೀರು ಹಾಕ್ತಿದ್ದೀರಿ ಅತ್ತೆ?" ಎಂದು ಕೇಳಿದೆ.

"ಕುಡಿಯಕ್ಕೆ ಬ್ಯಾಡ ಅಂದೆ, ಕುಡಿಸ್ನಿಲ್ಲ. ಬೇಯ್ಸಕ್ಕೂ ಬ್ಯಾಡ ಅಂದಿದ್ಯಾ? ನಿನ್ನ ಸೌಳು ನೀರಲ್ಲಿ ಬೇಳೆ ಬೇಯ್ಸಿ ನಾನು ಸಾಯ್ಲಾ?"

ಅವರ ಮಾತು ನ್ಯಾಯವೇ. ನಾನು ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ರಾಮನಗರದ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಮುದ್ದೆ, ಅನ್ನ, ಸಾರು ಎಲ್ಲದರಲ್ಲೂ ಹೊಟ್ಟೆಗೆ ಹೋಗುವುದು ಆ ನೀರೇ, ಅಡುಗೆಗೂ ಬೇಡ ಎಂದಳು. ಹಾಗಾದರೆ ಇಷ್ಟು ತಿಂಗಳು ಬಿಂದಿಗೆ ಹೊತ್ತದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅಡುಗೆಮನೆಯ ಹಂಡೆ ಮಗುಚಿ ತೊಳೆದು ಸೌಳು ನೀರು ತುಂಬಿದೆ. ಅತ್ತೆ ತಮ್ಮ ಪಾತ್ರೆ ಎತ್ತಿಕೊಂಡು ಹಿತ್ತಿಲಿನ ಹಳೆಯ ಒಲೆಗೆ ಹೋದರು. ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಒಲೆ ಉರಿದವು. ಅವರದು ಬೇಳೆ ಬೇಯುವ ಒಲೆ, ನನ್ನದು ಬೇಯದ ಒಲೆ.

ಬೇಳೆಯ ಜೊತೆ ನಾನು ಮಾಡಿದ ಯುದ್ಧ ಹೇಳಿದರೆ ನಗುತ್ತೀರಿ. ರಾತ್ರಿಯೇ ನೆನೆಹಾಕಿದೆ. ಕುಕ್ಕರನ್ನು ಅದು ಕಿರುಚಿ ಸುಸ್ತಾಗುವವರೆಗೆ ಕೂಗಿಸಿದೆ. ತೊಗರಿ ಬಿಟ್ಟು ಹೆಸರುಬೇಳೆ ಹಿಡಿದೆ. ಹುರುಳಿಕಾಳಿಗೆ ಮೊಳಕೆ ಬರಿಸಿದೆ. ಇವಳ ಬೇಳೆ ಬೇಯುವುದಿಲ್ಲ ಎಂದು ಊರಿನವರು ಕಾದು ಕೂತಿದ್ದರು. ದೊಡ್ಡವಳು ಮಾತ್ರ ನಾನು ಮಾಡಿದ ಕಲ್ಲಿನಂಥ ಬೇಳೆಯನ್ನು ಸದ್ದಿಲ್ಲದೆ ಅಗಿದು ನುಂಗುತ್ತಿದ್ದಳು. ಅವಳಿಗೆ ಇನ್ನು ಅದರಿಂದ ಹಲ್ಲಿನ ಲಾಭವೇನೂ ಇರಲಿಲ್ಲ. ಅಜ್ಜಿಯ ಒಲೆಯಿಂದ ಘಮ್ಮನೆ ವಾಸನೆ ಬಂದರೂ ಎದ್ದು ಹೋಗುತ್ತಿರಲಿಲ್ಲ. ಹೋಗು, ತಿನ್ನು ಎಂದರೆ, ನಾನು ಅಲ್ಲಿ ಹೋದರೆ ಇವಳೂ ನನ್ನ ಹಿಂದೆ ಬರುತ್ತಾಳೆ ಎಂದು ತಂಗಿಯನ್ನು ತೋರಿಸಿದಳು.

ದಾರಿ ತೋರಿಸಿದ್ದು ನಮ್ಮ ಹುಳುಮನೆ. ರೇಷ್ಮೆ ಹುಳುವಿಗೆಂದು ಕಟ್ಟಿಸಿದ್ದ ಉದ್ದನೆಯ ಶೀಟಿನ ಮಾಡು. ಮುಂಗಾರಿನಲ್ಲಿ ಅದರ ಅಂಚಿನಿಂದ ನೀರು ಸುರಿದು ಅಂಗಳ ಕೊರೆಯುತ್ತಿತ್ತು. ಅಷ್ಟು ದಿನ ಅದನ್ನು ನೋಡಿ ಬೈದಿದ್ದೆನೇ ಹೊರತು ಹಿಡಿದಿರಲಿಲ್ಲ. ಮೊದಲ ಮಳೆಯಲ್ಲಿ ಧೂಳೆಲ್ಲ ತೊಳೆದುಹೋಗಲಿ ಎಂದು ಬಿಟ್ಟು, ಆಮೇಲಿನ ಮಳೆಗೆ ಅಂಚಿಗೆ ಪೈಪು ಕಟ್ಟಿ, ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಡ್ರಮ್ಮಿಗೆ ಇಳಿಸಿದೆವು. ಔಷಧಿ ಹನಿ ಹಾಕಿದೆ. ಗುಲಾಬಿ. ಆ ನೀರಿನಲ್ಲಿ ಬೇಳೆಯಿಟ್ಟೆ. ಬೆಂದಿತು! ಅಮ್ಮಾ ತಾಯಿ, ಹಿಚುಕಿದರೆ ಬೆರಳಿಗೆ ಅಂಟುವ ಹಾಗೆ ಬೆಂದಿತು. ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮುಂದಿನ ವರ್ಷ ನೆಲದಲ್ಲಿ ತೊಟ್ಟಿ ಕಟ್ಟಿಸಿದೆವು. ಬೆಂದ ಬೇಳೆಯ ಸುದ್ದಿ ಊರಿಗೆ ಹೋಯಿತು. ಫ್ಲೋರೈಡ್ ಎಂದಾಗ ಕಿವಿಗೊಡದವರು ಬೇಳೆ ಎಂದಾಗ ಬಂದು ಇಣುಕಿ ನೋಡಿದರು. ಹುಳುಮನೆ ಇದ್ದ ಕೆಲವರು ತಾವೂ ಪೈಪು ಕಟ್ಟಿದರು. ಕಟ್ಟದವರೂ ಇದ್ದರು, ಈಗಲೂ ಇದ್ದಾರೆ. ಬೇಸಗೆಯಲ್ಲಿ ತೊಟ್ಟಿ ಖಾಲಿಯಾದರೆ ಮತ್ತೆ ಸೌಳು ನೀರು, ಮತ್ತೆ ಕುಕ್ಕರಿನ ಕೂಗು.

ಕಷ್ಟವೆಂದರೆ ಇದರ ಫಲ ಕಣ್ಣಿಗೆ ಕಾಣುತ್ತಿರಲಿಲ್ಲ. ರಾಗಿ ಬಿತ್ತಿದರೆ ವಾರದಲ್ಲಿ ಮೊಳಕೆ ಕಾಣುತ್ತದೆ. ಹುಳು ಕಟ್ಟಿದರೆ ತಿಂಗಳಲ್ಲಿ ಗೂಡು. ಇದು ಒಸಡಿನೊಳಗಿನ ಬೆಳೆ. ಹಾಲುಹಲ್ಲು ಬಿದ್ದು ಹೊಸದು ಬರುವವರೆಗೆ ನಾನು ಮಾಡಿದ್ದು ಸರಿಯೋ ತಪ್ಪೋ ಯಾವ ದೇವರೂ ಹೇಳುವ ಹಾಗಿರಲಿಲ್ಲ. ಮದುವೆ ಮನೆಗೆ ಹೋದರೆ ಮಗುವಿಗೆ ಮನೆಯ ಬಾಟಲಿ. ಅಂಗನವಾಡಿಗೆ ಹೋದರೆ ಬಾಟಲಿ. ನನಗೆ ಹುಚ್ಚು ಹಿಡಿದಿದೆ ಎಂದರು. ಇರಲಿ, ಹುಚ್ಚಿಯ ಮಗಳಿಗೆ ಒಳ್ಳೆಯ ಹಲ್ಲಿರಲಿ ಎಂದೆ.

ಅತ್ತೆ ಮಾತು ಬಿಟ್ಟಿರಲಿಲ್ಲ, ಒಲೆ ಮಾತ್ರ ಬೇರೆ. ಒಂದು ದಿನ ಇಬ್ಬರೂ ಹುಳುಮನೆಯಲ್ಲಿ ಕೂತು ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆಯ ತಟ್ಟೆಯಿಂದ ಗೂಡು ಬಿಡಿಸುತ್ತಿದ್ದೆವು. ಅವರು ಕಾಲು ಚಾಚಿಕೊಂಡು ಕೂತಿದ್ದರು, ಮಡಿಚಲು ಬರುತ್ತಿರಲಿಲ್ಲ. ನನ್ನ ಮುಖ ನೋಡದೆ ಕೇಳಿದರು.

"ಹಂಗಾದ್ರೆ ನಿಮ್ಮ ಮಾವ ಊರ್ಗೆಲ್ಲ ಇಸ ಕುಡ್ಸವ್ರೆ ಅಂತೀಯಾ?"

ನನಗೆ ಆಗ ಅರ್ಥವಾಯಿತು. ಇಷ್ಟು ವರ್ಷ ಅವರು ಹಟ ಹಿಡಿದದ್ದು ನೀರಿಗಾಗಿ ಅಲ್ಲ, ನನ್ನ ಮೇಲಿನ ಕೋಪಕ್ಕೂ ಅಲ್ಲ. ಆ ಪ್ರಶ್ನೆಯನ್ನು ಎದುರಿಸಲಾರದೆ ದಿನಾ ಆ ನೀರನ್ನೇ ಕುಡಿಯುತ್ತಿದ್ದರು.

"ಮಾವ ಬಾಯಾರಿದೋರಿಗೆ ನೀರು ಕೊಟ್ರು ಅತ್ತೆ. ಅವರಿಗೆ ಗೊತ್ತಿದ್ರೆ ಆ ನಲ್ಲೀನ ಅವರೇ ಕಿತ್ತು ಹಾಕೋರು" ಎಂದೆ.

ಅವರು ಗೂಡು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸಂಜೆ ಎಂದಿನಂತೆ ತಮ್ಮ ಒಲೆ ಹಚ್ಚಿದರು.

ಚಿಕ್ಕವಳಿಗೆ ಮುಂದಿನ ಹಲ್ಲು ಬಿದ್ದಾಗ ದೊಡ್ಡವಳು ರಾಮನಗರದಲ್ಲಿ ಡಿಗ್ರಿ ಓದುತ್ತಿದ್ದಳು. ರಜೆಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ತಂಗಿಯ ತುಟಿ ಎತ್ತಿ ನೋಡುವಳು. ಕೊನೆಗೊಂದು ಬೆಳಿಗ್ಗೆ ಒಸಡಿನಲ್ಲಿ ಗರಗಸದ ಅಂಚಿನಂಥ ತುದಿ ಕಾಣಿಸಿತು. ನಾವಿಬ್ಬರೂ ಅವಳನ್ನು ಅಂಗಳದ ಬಿಸಿಲಿಗೆ ಎಳೆದುಕೊಂಡು ಹೋದೆವು. ಬೆಳ್ಳಗೇ ಇತ್ತು. ಅತ್ತೆಯೂ ಕೋಲೂರಿಕೊಂಡು ಬಂದು ಬಗ್ಗಿ ನೋಡಿ, "ಈಗ್ಲೇ ಹೇಳಕ್ಕಾಗಲ್ಲ, ಇನ್ನೊಸಿ ಇಳೀಲಿ" ಎಂದರು. ಅವರ ಮಾತು ಸರಿಯಿತ್ತು. ಪೂರ್ತಿ ಇಳಿಯುವವರೆಗೆ ನಂಬುವ ಹಾಗಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ಮಗಳ ಬಾಯಿ ನೋಡಿದಷ್ಟು ಅವಳ ಮುಖ ನೋಡಲಿಲ್ಲ.

ಎರಡೂ ಹಲ್ಲು ಪೂರ್ತಿ ಇಳಿದ ಮೇಲೆ ಒಂದು ಭಾನುವಾರ ಅತ್ತೆ ಮೊಮ್ಮಗಳನ್ನು ತಾವಾಗಿ ಕರೆದರು. ಸೆರಗಿನ ತುದಿ ಒದ್ದೆ ಮಾಡಿ ಹಲ್ಲು ಒರೆಸಿದರು, ಮತ್ತೆ ಒರೆಸಿದರು. ಗೀರಿಲ್ಲ, ಪಟ್ಟಿಯಿಲ್ಲ. ಮಗುವಿನ ಗಲ್ಲ ಹಿಡಿದುಕೊಂಡೇ, ಪಕ್ಕದಲ್ಲಿ ನಿಂತಿದ್ದ ದೊಡ್ಡವಳ ಕಡೆ ಇಡೀ ಮೈ ತಿರುಗಿಸಿದರು.

"ನಿಂಗೂ ಹಿಂಗೇ ಬರ್ಬೇಕಿತ್ತಲ್ಲ ಮಗ" ಎಂದರು. ದೊಡ್ಡವಳು ಅಜ್ಜಿಯ ಪಕ್ಕ ಜಗಲಿಯ ಮೇಲೆ ಕೂತುಕೊಂಡಳು.

ಅಷ್ಟರಲ್ಲಿ ಒಂದು ಸ್ಕೂಟರು ಬಂದು ತೊಂಬೆಯ ಹತ್ತಿರ ನಿಂತಿತು. ಪಕ್ಕದ ಊರಿನ ಗಂಡ ಹೆಂಡತಿ, ಹೆಂಡತಿಯ ಹೆಗಲಲ್ಲಿ ಇನ್ನೂ ಕೂರಲು ಬಾರದ ಕೂಸು. ಅವನು ಒಂದು ಕ್ಯಾನು ತುಂಬಿಸಿ ಎರಡನೆಯದನ್ನು ನಲ್ಲಿಗೆ ಹಿಡಿದಿದ್ದ. ಅತ್ತೆ ಕೋಲು ತೆಗೆದುಕೊಂಡು ಜಗಲಿ ಇಳಿದರು. ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ ಎಂದುಕೊಂಡೆ.

"ಕುಡಿಯಕ್ಕಾದ್ರೆ ಹಿಡೀಬ್ಯಾಡಪ್ಪ. ಆ ನೀರು ಸರಿಯಿಲ್ಲ" ಎಂದರು.

ಅವನು ನಕ್ಕ. ತನ್ನ ಅಪ್ಪನ ಕಾಲದಿಂದಲೂ ಹಿಡಿಯುತ್ತಿದ್ದೇವೆ, ಇಂಥ ನೀರು ಎಲ್ಲಿದೆ, ನೀವೇ ಹೀಗೆಂದರೆ ಹೇಗಜ್ಜಿ ಎಂದ. ಅತ್ತೆ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಚಿಕ್ಕವಳನ್ನು ಕರೆದು, ಬಾಯಿ ತೆಗಿ ಎಂದರು. ಅವಳು ತೆಗೆದಳು. ಇದು ಈ ನೀರು ಕುಡಿಯದೆ ಬಂದ ಹಲ್ಲು ಎಂದು ಕೂಸಿನ ತಾಯಿಗೆ ತೋರಿಸಿದರು. ಕುಡಿದು ಬಂದ ಹಲ್ಲನ್ನೂ ತೋರಿಸಬೇಕಿತ್ತು. ದೊಡ್ಡವಳನ್ನು ಅವರು ಕರೆಯಲಿಲ್ಲ, ಕರೆಯುವ ಧೈರ್ಯ ನನಗೂ ಇರಲಿಲ್ಲ.

ಅವಳೇ ಜಗಲಿಯಿಂದ ಇಳಿದು ಬಂದಳು. ತಂಗಿಯ ಪಕ್ಕ ನಿಂತು, "ಇದು ಕುಡಿದ ಹಲ್ಲು ಅಕ್ಕಾ, ಸರಿಯಾಗಿ ನೋಡಿ" ಎಂದು, ಗುರುತು ಪರಿಚಯವಿಲ್ಲದ ಆ ಹೆಂಗಸಿನ ಮುಂದೆ ತುಟಿ ಎತ್ತಿ ಹಿಡಿದಳು.

ಆ ಹೆಂಗಸು ಎರಡು ಬಾಯನ್ನೂ ನೋಡಿದಳು. ತನ್ನ ಕೂಸನ್ನು ನೋಡಿದಳು. ಬಗ್ಗಿ, ತುಂಬಿದ್ದ ಕ್ಯಾನನ್ನು ಒಂದೇ ಕೈಯಲ್ಲಿ ಉರುಳಿಸಿದಳು. ನಮ್ಮ ಮಾವನ ನೀರು ರಸ್ತೆಯ ಮೇಲೆ ಹರಿದು ಅತ್ತೆಯ ಪಾದದವರೆಗೆ ಬಂತು. ಅವರು ಕಾಲು ತೆಗೆಯಲಿಲ್ಲ. ಅದು ಮಣ್ಣಿಗೆ ಇಂಗುವವರೆಗೆ ನೋಡಿದರು.

"ಸ್ಕೂಲ್ ತಾವ ಸೌಳು ನೀರೈತೆ. ಬೇಳೆ ಬ್ಯಾಗ ಬೇಯಾಕಿಲ್ಲ, ಮಗೀಗೆ ಒಳ್ಳೇದು. ಬಾ ತೋರುಸ್ತೀನಿ" ಎಂದು ಆ ಹೆಂಗಸಿಗೆ ಹೇಳಿ, ಮಡಿಚದ ಕಾಲುಗಳನ್ನು ಎಳೆದುಕೊಂಡು ಅತ್ತೆಯೇ ಮುಂದೆ ನಡೆದರು.